ನಿಂತ ಮುಟ್ಟು ಮರಳಿ ಬರುವುದಿಲ್ಲ



ಈ ಅಂಕಣಕ್ಕೆ ಬರುವ ಓಲೆಗಳಲ್ಲಿ ಬಹುಪಾಲು ಮಕ್ಕಳ ಕೆಮ್ಮು, ಹಿರಿಯರ ಮೊಣಕಾಲು ನೋವು, ಸಕ್ಕರೆ ಕಾಯಿಲೆಯವರ ಪಥ್ಯ ಇವುಗಳನ್ನು ಕುರಿತವು. ಅವುಗಳ ನಡುವೆ ಈ ಸಲ ಮಂಗಳೂರಿನ ಬಿಕರ್ನಕಟ್ಟೆಯಿಂದ ಸೋದರಿಯೊಬ್ಬರ ಓಲೆ ಬಂದಿತು. ಹೆಸರು ಪ್ರಕಟಿಸಬಾರದೆಂದು ಅವರು ಕೇಳಿಕೊಂಡಿದ್ದಾರೆ. ವಿಜಯಪುರ ಸೀಮೆಯ ಮನೆತನದವರು. ಪತಿಯ ಉದ್ಯೋಗದ ನಿಮಿತ್ತ ಕರಾವಳಿಗೆ ಬಂದು ನೆಲೆಸಿದ್ದಾರೆ. ಅತ್ತೆಯವರೂ ಜೊತೆಯಲ್ಲಿದ್ದಾರೆ. ಅತ್ತೆಯವರಿಗೆ ಮುಟ್ಟು ನಿಂತು ಆರು ವರ್ಷಗಳಾದವು. ಈಗ ಎರಡು ತಿಂಗಳಿನಿಂದ ಆಗಾಗ ಸೀರೆಯ ಮೇಲೆ ರಕ್ತದ ಕಲೆ ಕಾಣಿಸುತ್ತಿದೆ. “ಮತ್ತ ಕಡಿಗಿ ಆಗೇನಿ. ಈ ಊರಿನ ಶೆಕಿಗೆ ಮೈಯಾಗ ಉಷ್ಣ ಹೆಚ್ಚಾಗೇತಿ. ನಿನ್ನ ಗಂಡಗ ಹೇಳಬ್ಯಾಡವಾ” ಎಂದು ಅವರು ಸೊಸೆಗೆ ಹೇಳಿದ್ದಾರಂತೆ. ಎಳನೀರು, ಜೀರಿಗೆ ನೀರು, ಕೊತ್ತಂಬರಿ ಬೀಜದ ಕಷಾಯ ಎಲ್ಲವೂ ಆಗಿವೆ. ಉಷ್ಣ ಇಳಿಯಲು ಇನ್ನೇನು ಕೊಡಬಹುದು ಎಂಬುದು ಓಲೆಯ ಪ್ರಶ್ನೆ.

ಇದು ಮುಂದಿನ ಸಂಚಿಕೆಯವರೆಗೆ ಕಾಯುವ ವಿಷಯವಲ್ಲವಾದ್ದರಿಂದ ಅಂದೇ ಉತ್ತರ ಬರೆದು ಅಂಚೆಗೆ ಹಾಕಿದೆವು. ಆದರೆ ಆ ತಾಯಿಯವರ ಮಾತು ಅವರೊಬ್ಬರದಲ್ಲ. ನಮ್ಮ ನೂರಾರು ಮನೆಗಳಲ್ಲಿ ಹಿರಿಯ ಹೆಂಗಸರು ಇದೇ ಮಾತನ್ನು ಆಡಿ ಸುಮ್ಮನಾಗಿದ್ದಾರೆ. ಆದ್ದರಿಂದ ಆ ಸೋದರಿಯ ಅನುಮತಿ ಪಡೆದು ಈ ತಿಂಗಳು ಗರ್ಭಕಂಠದ ಕ್ಯಾನ್ಸರಿನ ಲಕ್ಷಣಗಳನ್ನು ಕುರಿತು ಬರೆಯುತ್ತಿದ್ದೇವೆ. ಮನೆಯಲ್ಲಿ ಪತ್ರಿಕೆ ಓದುವವರು ಗಂಡಸರಾಗಿದ್ದರೆ ಅವರೂ ಈ ಪುಟವನ್ನು ಮಗುಚಿ ಹಾಕದೆ ಓದಬೇಕೆಂದು ವಿನಂತಿ.

ಮೊದಲು ಮುಖ್ಯವಾದುದನ್ನು ಹೇಳಿಬಿಡುತ್ತೇವೆ. ಹನ್ನೆರಡು ತಿಂಗಳ ಕಾಲ ಸತತವಾಗಿ ಮುಟ್ಟಾಗದೆ ಇದ್ದರೆ ಆ ಹೆಂಗಸಿಗೆ ಮುಟ್ಟು ನಿಂತಿತೆಂದೇ ಲೆಕ್ಕ. ಹಾಗೆ ನಿಂತ ಮೇಲೆ ವರ್ಷಗಳು ಕಳೆದು ಅದು ಮರಳಿ ಬರುವುದೆಂಬುದಿಲ್ಲ. ಬಿಸಿಲಿನಿಂದ ಬರುವುದಿಲ್ಲ, ಪಪ್ಪಾಯಿ ತಿಂದರೆ ಬರುವುದಿಲ್ಲ, ಊರು ಬದಲಾಯಿಸಿದರೂ ಬರುವುದಿಲ್ಲ. ಅನಂತರ ಕಾಣಿಸಿಕೊಳ್ಳುವ ರಕ್ತ, ಒಂದೇ ಒಂದು ಹನಿಯಾಗಿರಲಿ, ಒಂದೇ ದಿನ ಕಂಡು ಮಾಯವಾಗಲಿ, ವೈದ್ಯರು ಒಳಗೆ ನೋಡಿ ಪರೀಕ್ಷಿಸಲೇಬೇಕಾದ ರಕ್ತ. ಹೀಗೆ ರಕ್ತ ಕಂಡವರಿಗೆಲ್ಲ ಕ್ಯಾನ್ಸರ್ ಇರುತ್ತದೆಂದು ಅರ್ಥವಲ್ಲ. ವಯಸ್ಸಿನಿಂದ ಒಳಚರ್ಮ ತೆಳ್ಳಗಾಗಿ ಒಣಗುವುದು, ಕಂಠದಲ್ಲೋ ಗರ್ಭಕೋಶದಲ್ಲೋ ನಿರಪಾಯದ ಸಣ್ಣ ಕುಡಿ ಬೆಳೆಯುವುದು ಮುಂತಾದವು ಹೆಚ್ಚಿನವರಲ್ಲಿ ಕಾರಣವಾಗಿರುತ್ತವೆ. ಆದರೆ ಯಾರಿಗೆ ಯಾವುದು ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಣಯಿಸಲಾಗದು. ಓಲೆಯ ಮೂಲಕ ನಾವೂ ನಿರ್ಣಯಿಸಲಾರೆವು.

ಗರ್ಭಕೋಶವು ಬೋರಲು ಹಾಕಿದ ಸಣ್ಣ ತಂಬಿಗೆಯ ಆಕಾರದ್ದು. ಆ ತಂಬಿಗೆಯ ಕೊರಳೇ ಗರ್ಭಕಂಠ. ಅದು ಯೋನಿಯ ಒಳತುದಿಯಲ್ಲಿ ಇಳಿದುಕೊಂಡಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಆದರೆ ವೈದ್ಯೆಯೊಬ್ಬರು ಸರಳ ಉಪಕರಣವೊಂದನ್ನು ಇಟ್ಟು ದೀಪ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಈ ಮಾತಿಗೆ ಒತ್ತುಕೊಟ್ಟು ಹೇಳುತ್ತಿದ್ದೇವೆ. ಹೊಟ್ಟೆಯ ಆಳದಲ್ಲಿರುವ ಎಷ್ಟೋ ಅಂಗಗಳ ಕ್ಯಾನ್ಸರನ್ನು ದೊಡ್ಡ ಯಂತ್ರಗಳಿಲ್ಲದೆ ಕಾಣಲಾಗದು. ಇದನ್ನು ಕಾಣಲು ಬೇಕಾದುದು ಒಂದು ಮೇಜು, ಒಂದು ದೀಪ, ತರಬೇತಿ ಪಡೆದ ಒಂದು ಜೋಡಿ ಕಣ್ಣು. ಹೀಗಿದ್ದೂ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷ ಸುಮಾರು 1,27,000 ಹೆಂಗಸರಿಗೆ ಈ ರೋಗ ತಗುಲಿತು, ಸುಮಾರು 80,000 ಮಂದಿ ತೀರಿಕೊಂಡರು. ಭಾರತದ ಹೆಂಗಸರನ್ನು ಕಾಡುವ ಕ್ಯಾನ್ಸರುಗಳಲ್ಲಿ ಸ್ತನದ ಕ್ಯಾನ್ಸರಿನ ನಂತರದ ಸ್ಥಾನ ಇದರದು. ನೋಡಿದರೆ ಕಾಣುವ ರೋಗದಿಂದ ಇಷ್ಟು ಮಂದಿ ಸಾಯುತ್ತಿದ್ದಾರೆಂದರೆ ನೋಡಿಸಿಕೊಳ್ಳಲು ಹೋಗುತ್ತಿಲ್ಲವೆಂದೇ ತಿಳಿಯಬೇಕು.

ಲಕ್ಷಣಗಳನ್ನು ಹೇಳುವ ಮುನ್ನ ಒಂದು ಎಚ್ಚರಿಕೆ. ಈ ರೋಗದ ಮೊಳಕೆಯ ಕಾಲದಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ನೋವಿಲ್ಲ, ರಕ್ತವಿಲ್ಲ, ಆಯಾಸವಿಲ್ಲ. ಆರೋಗ್ಯವಾಗಿ ಕಾಣುವ, ದಿನವಿಡೀ ದುಡಿಯುವ ಹೆಂಗಸಿನಲ್ಲಿಯೂ ಅದು ವರ್ಷಗಟ್ಟಲೆ ಮೌನವಾಗಿ ಇದ್ದೀತು. ಏನೂ ತೊಂದರೆಯಿಲ್ಲದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ. ಅದರ ವಿಚಾರ ಮುಂದೆ ಹೇಳುತ್ತೇವೆ.

ಮೌನ ಮುರಿದಾಗ ಮೊದಲು ಕಾಣುವುದು ಸಾಮಾನ್ಯವಾಗಿ ಅಕಾಲದ ರಕ್ತ. ಮುಟ್ಟು ನಿಂತವರಲ್ಲಿ ಯಾವಾಗ ಕಂಡರೂ ಅದು ಅಕಾಲವೇ. ಇನ್ನೂ ಮುಟ್ಟಾಗುತ್ತಿರುವವರಲ್ಲಿ ಎರಡು ಮುಟ್ಟುಗಳ ನಡುವೆ ಕಲೆ ಕಾಣುವುದು, ಮೊದಲು ಮೂರು ನಾಲ್ಕು ದಿನಗಳಿಗೆ ಮುಗಿಯುತ್ತಿದ್ದುದು ಎಂಟು ಹತ್ತು ದಿನಗಳವರೆಗೆ ಎಳೆಯುವುದು, ಸ್ರಾವ ಎಂದಿಗಿಂತ ಹೆಚ್ಚಾಗುವುದು ಇವು ಗಮನಿಸತಕ್ಕವು. ಪತಿಪತ್ನಿಯರ ಕೂಟದ ನಂತರ ರಕ್ತ ಕಾಣುವುದು ಎಲ್ಲಕ್ಕಿಂತ ಮಹತ್ವದ ಸೂಚನೆ; ಹೇಳಲು ಅತ್ಯಂತ ಸಂಕೋಚದ ಸೂಚನೆಯೂ ಅದೇ. ಕಂಠದ ಮೇಲೆ ಹುಣ್ಣೋ ಗಡ್ಡೆಯೋ ಇದ್ದರೆ ಅದು ಮುಟ್ಟಿದೊಡನೆ ಒಸರುತ್ತದೆ. ಇದನ್ನು ಗಂಡನಿಗೂ ಹೇಳದೆ, ತಾಯಿಗೂ ಹೇಳದೆ, ಕೂಟವನ್ನೇ ತಪ್ಪಿಸಿಕೊಂಡು ‘ಈಗ ಸರಿಹೋಯಿತು’ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ರಕ್ತ ನಿಂತಿದ್ದು ಮುಟ್ಟದ ಕಾರಣದಿಂದ. ಹುಣ್ಣು ಮಾಯ್ದ ಕಾರಣದಿಂದಲ್ಲ.

ಇನ್ನೊಂದು ಸೂಚನೆ ಸ್ರಾವದ್ದು. ಇಲ್ಲಿ ಗಾಬರಿಯೂ ಬೇಡ, ಉದಾಸೀನವೂ ಬೇಡ. ಬಿಳಿ ಸೆರಗು ಎಂಬುದು ನಮ್ಮ ಹೆಂಗಸರ ಬಹು ಸಾಮಾನ್ಯ ದೂರು. ತಿಂಗಳ ನಡುವೆ ತಿಳಿಯಾದ, ವಾಸನೆಯಿಲ್ಲದ ಸ್ರಾವವಾಗುವುದು ಶರೀರಧರ್ಮ. ಒಡೆದ ಮೊಸರಿನಂತೆ ಗಟ್ಟಿಯಾಗಿದ್ದು ತುರಿಕೆ ಇದ್ದರೆ ಬಹುತೇಕ ಬೂಷ್ಟಿನ ಸೋಂಕು. ಕೆಲವು ದಿನಗಳ ಔಷಧಿಗೆ ಗುಣವಾಗುತ್ತದೆ. ಕ್ಯಾನ್ಸರಿನ ಶಂಕೆ ಹುಟ್ಟಿಸುವ ಸ್ರಾವ ಬೇರೆ ಬಗೆಯದು. ಅದು ನೀರಿನಂತೆ ತೆಳ್ಳಗೆ ಹೆಚ್ಚಾಗಿ ಹರಿಯುತ್ತದೆ, ಅಥವಾ ತಿಳಿಗೆಂಪು, ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎಷ್ಟು ತೊಳೆದರೂ ಹೋಗದ ದುರ್ವಾಸನೆ ಇರುತ್ತದೆ. ಸೋಂಕಿನ ಔಷಧಿ ತೆಗೆದುಕೊಂಡರೂ ನಿಲ್ಲುವುದಿಲ್ಲ. ಈ ವಾಸನೆಯ ನಾಚಿಕೆಯಿಂದ ಜನರ ನಡುವೆ ಕುಳಿತುಕೊಳ್ಳುವುದನ್ನೇ, ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟ ತಾಯಂದಿರನ್ನು ಕುರಿತು ಕೇಳಿದ್ದೇವೆ. ಮನೆಯವರು ಅದನ್ನು ವಯಸ್ಸಿನ ಬೇಸರವೆಂದು ತಿಳಿದಿದ್ದರು.

ನೋವು ತಡವಾಗಿ ಬರುವ ಅತಿಥಿ. ಕಿಬ್ಬೊಟ್ಟೆಯಲ್ಲಿ, ಸೊಂಟದ ಕೆಳಗೆ ಬಿಡದ ನೋವು, ಒಂದೇ ಕಾಲು ಬಾತುಕೊಳ್ಳುವುದು, ಮೂತ್ರ ಕಟ್ಟುವುದು ಅಥವಾ ಅದರಲ್ಲಿ ರಕ್ತ ಕಾಣುವುದು, ಊಟ ಸೇರದೆ ತೂಕ ಇಳಿಯುವುದು, ಮೂತ್ರವೋ ಮಲವೋ ಯೋನಿಮಾರ್ಗದಿಂದ ಸೋರುವುದು, ಇವು ರೋಗ ಗರ್ಭಕಂಠವನ್ನು ದಾಟಿ ಅಕ್ಕಪಕ್ಕಕ್ಕೆ ಹಬ್ಬಿದ ಗುರುತುಗಳು. ನಮ್ಮ ಜನರಲ್ಲಿ ‘ನೋವಿಲ್ಲದ್ದು ರೋಗವಲ್ಲ’ ಎಂಬ ಭಾವನೆ ಬಲವಾಗಿದೆ. ಈ ರೋಗದಲ್ಲಿ ಅದನ್ನು ತಿರುಗಿಸಿ ಓದಬೇಕು: ನೋವಿಲ್ಲದೆ ಬಂದ ರಕ್ತಕ್ಕೇ ಹೆಚ್ಚು ಬೆಲೆ ಕೊಡಬೇಕು. ಅದು ಬೇಗ ಬಂದ ಸುದ್ದಿ.

ಈಗ ಆ ತಾಯಿಯವರ ‘ನಿನ್ನ ಗಂಡಗ ಹೇಳಬ್ಯಾಡ’ ಎಂಬ ಮಾತಿಗೆ ಬರೋಣ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದರು; ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ. ನಮ್ಮ ಮಕ್ಕಳು ಇದನ್ನು ಬಾಯಿಪಾಠ ಒಪ್ಪಿಸುತ್ತಾರೆ, ಭಾಷಣಗಳಲ್ಲಿ ನಾವು ಹೆಮ್ಮೆಯಿಂದ ಹೇಳುತ್ತೇವೆ. ಅಂಗದ ಮೇಲೆ ಇಷ್ಟಲಿಂಗವಿರುವ ಹೆಣ್ಣಿಗೆ ಮುಟ್ಟು ಮೈಲಿಗೆಯಲ್ಲ, ಆ ದಿನಗಳಲ್ಲಿಯೂ ಅವಳು ಲಿಂಗಪೂಜೆಗೆ ಅರ್ಹಳು ಎಂಬುದು ನಮ್ಮ ಧರ್ಮದ ನಿಲುವು. ಆದರೆ ನಮ್ಮ ಭಾಷೆಯನ್ನೇ ನೋಡಿ. ‘ಹೊರಗಾಗುವುದು’, ‘ಕಡಿಗೆ ಆಗುವುದು’ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಇನ್ನೂ ನಡೆದಿವೆ. ತತ್ವದಲ್ಲಿ ಒಳಗಿದ್ದವಳು ಮಾತಿನಲ್ಲಿ ಇನ್ನೂ ಹೊರಗೇ ಇದ್ದಾಳೆ. ಮೈಲಿಗೆಯೆಂಬ ಭಾವನೆ ಅಂಟಿದ ವಸ್ತುವನ್ನು ಮಗನ ಮುಂದೆ ಹೆಸರಿಸುವುದು ಹೇಗೆ ಎಂಬ ಅಳುಕಿನಲ್ಲಿ ಎರಡು ತಿಂಗಳು ಕಳೆಯುತ್ತವೆ. ಎಷ್ಟೋ ಮನೆಗಳಲ್ಲಿ ಎರಡು ವರ್ಷಗಳು. ರಜಸ್ಸೂತಕವನ್ನು ಶರಣರು ಅಳಿಸಿದ್ದು ಪೂಜೆಗೆ ಮಾತ್ರ ಎಂದು ನಾವು ತಿಳಿದಂತಿದೆ. ಅವ್ವನಿಗೆ ರಕ್ತ ಹೋಗುತ್ತಿದೆ ಎಂದು ಸೊಸೆ ಬಾಯಿಬಿಟ್ಟು ಹೇಳುವುದಕ್ಕೂ, ಮಗ ತಲೆ ತಗ್ಗಿಸದೆ ಕೇಳುವುದಕ್ಕೂ ಅದು ಅನ್ವಯಿಸಬೇಡವೇ?

ಬಿಕರ್ನಕಟ್ಟೆಯನ್ನು ಕಂಡವರಿಗೆ ಅಲ್ಲಿನ ಕೈಕಂಬದ ಕೂಡುರಸ್ತೆಯೂ, ಬಾಲಯೇಸುವಿನ ದೇವಾಲಯವಿರುವ ದಿಬ್ಬವೂ ನೆನಪಿರುತ್ತವೆ. ನಂತೂರಿನಿಂದ ಹೊರಟು ಅದರ ಮೂಲಕ ಕುಲಶೇಖರ, ಗುರುಪುರ, ಮೂಡುಬಿದಿರೆಗಳ ಕಡೆಗೆ ಹೋಗುವ ಹೆದ್ದಾರಿಗೆ ಈಗ 169 ಎಂಬ ಸಂಖ್ಯೆ. ಹಳೆಯ ಲಾರಿ ಚಾಲಕರಿಗೆ ಅದು ಇಂದಿಗೂ 13ನೆಯ ನಂಬರಿನ ರಸ್ತೆ. ಕಾರ್ಕಳ ದಾಟಿ, ಘಟ್ಟವೇರಿ, ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ, ವಿಜಯಪುರಗಳನ್ನು ಮುಟ್ಟಿ ಆ ರಸ್ತೆ ಕೊನೆಗೊಳ್ಳುತ್ತಿದ್ದುದು ಸಿದ್ಧರಾಮೇಶ್ವರರ ಸೊಲ್ಲಾಪುರದಲ್ಲಿ. ನಮ್ಮ ಸೋದರಿಯ ಮನೆತನ ಬಂದಿದ್ದೂ ಇದೇ ದಾರಿಯಲ್ಲಿ ಇರಬೇಕು. ಈ ರಸ್ತೆಯ ಆಚೆ ತುದಿಯ ಸೊಲ್ಲಾಪುರ ಜಿಲ್ಲೆಯಲ್ಲಿ ನಡೆದ ಕೆಲಸವೊಂದು ಇಲ್ಲಿ ಹೇಳಲೇಬೇಕಾದದ್ದು.

ಆ ಜಿಲ್ಲೆಯ ಬಾರ್ಶಿ ಎಂಬ ಊರಿನಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. 1987ರಲ್ಲಿ ಅಲ್ಲಿ ಹಳ್ಳಿಗಳ ಕ್ಯಾನ್ಸರ್ ನೋಂದಣಿಯನ್ನು ಆರಂಭಿಸಿದರು. ಗ್ರಾಮೀಣ ಭಾರತದಲ್ಲಿ ಇಂಥದು ಅದೇ ಮೊದಲು. ಮುನ್ನೂರಕ್ಕೂ ಹೆಚ್ಚು ಹಳ್ಳಿಗಳು. ಅಲ್ಲಿ ಯಾರಿಗೆ ಕ್ಯಾನ್ಸರ್ ಬಂದಿದೆ ಎಂದು ಎಣಿಸುವುದು ಹೇಗೆ? ಕಾಯಿಲೆಯವರು ಆಸ್ಪತ್ರೆಗೇ ಬರುತ್ತಿರಲಿಲ್ಲ. ಆದ್ದರಿಂದ ಕಾರ್ಯಕರ್ತರೇ ಹಳ್ಳಿಗಳಿಗೆ ಹೋದರು. ಅವರು ವೈದ್ಯರಲ್ಲ. ಊರವರೊಡನೆ ಕುಳಿತು, ಇಂಥ ಇಂಥ ಲಕ್ಷಣಗಳಿದ್ದರೆ ತೋರಿಸಿಕೊಳ್ಳಬೇಕು, ಬೇಗ ಬಂದರೆ ಗುಣವಾಗುತ್ತದೆ ಎಂದು ತಿಳಿಹೇಳಿದರು. ಶಂಕೆ ಇದ್ದವರನ್ನು ಬಾರ್ಶಿಗೆ ಕಳುಹಿಸಿದರು. ಕಾರ್ಯಕರ್ತರು ಮತ್ತೆ ಮತ್ತೆ ಅದೇ ಹಳ್ಳಿಗಳಿಗೆ ಹೋಗುತ್ತಿದ್ದರು. ಕೆಲವೇ ವರ್ಷಗಳಲ್ಲಿ ಒಂದು ಬದಲಾವಣೆ ಕಂಡಿತು: ಗರ್ಭಕಂಠದ ಕ್ಯಾನ್ಸರ್ ಇರುವ ಹೆಂಗಸರಲ್ಲಿ ಮೊದಲ ಹಂತಗಳಲ್ಲಿಯೇ ಬರುವವರ ಪ್ರಮಾಣ ಹೆಚ್ಚಾಗಿತ್ತು. ಅದರ ವರದಿ 1995ರಲ್ಲಿ ಪ್ರಕಟವಾಯಿತು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಬದಲಾದದ್ದು ಹಳ್ಳಿಯ ಹೆಂಗಸರ ತಿಳಿವಳಿಕೆ. ಒಂದು ಮಾಸಪತ್ರಿಕೆಯ ಪುಟದಿಂದ ಏನಾದೀತು ಎಂದು ಕೇಳುವವರಿಗೆ ನಾವು ಬಾರ್ಶಿಯನ್ನು ತೋರಿಸುತ್ತೇವೆ.

ಬಾರ್ಶಿಯ ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅದಕ್ಕೀಗ ಧಾರಾಶಿವ ಎಂದು ಹೆಸರು, ಇನ್ನೊಂದು ದೊಡ್ಡ ಅಧ್ಯಯನ ನಡೆಯಿತು. 30ರಿಂದ 59 ವರ್ಷದ 1,31,000ಕ್ಕೂ ಹೆಚ್ಚು ಆರೋಗ್ಯವಂತ ಹೆಂಗಸರು ಅದರಲ್ಲಿದ್ದರು. 2009ರಲ್ಲಿ ಬಂದ ಫಲಿತಾಂಶದಂತೆ, ಗರ್ಭಕಂಠದ ವೈರಾಣು ಪರೀಕ್ಷೆಯನ್ನು ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ವೈದ್ಯರಲ್ಲದ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಎರಡು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಮಾಡಿಸಿದರು. ಸಾವುಗಳು ಶೇಕಡಾ 31ರಷ್ಟು ಕಡಿಮೆಯಾದವು.

ವಿನೆಗರ್ ಪರೀಕ್ಷೆ ಎಂದರೆ ಬೆದರುವಂಥದೇನಲ್ಲ. ಹುಳಿದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಕಂಠಕ್ಕೆ ತಾಗಿಸಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಹಾದಿ ಹಿಡಿಯುತ್ತಿರುವ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಸೂಜಿಯಿಲ್ಲ, ಅರಿವಳಿಕೆಯಿಲ್ಲ, ಮುಗಿದೊಡನೆ ಎದ್ದು ಮನೆಗೆ ಬರಬಹುದು. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲಿಯೇ ಸೇರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಯಿಬಿಟ್ಟು ಕೇಳಬೇಕು. ಕೇಳುವವರಿಲ್ಲದೆ ಇಂಥ ಸೌಲಭ್ಯಗಳು ಕಾಗದದ ಮೇಲೇ ಉಳಿಯುತ್ತವೆ. ಇನ್ನು ಪ್ಯಾಪ್ ಪರೀಕ್ಷೆಯೆಂಬುದು ಕಂಠದಿಂದ ಜೀವಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅಮೆರಿಕದಲ್ಲಿ ನೆಲೆಸಿದ್ದ ಗ್ರೀಕ್ ಮೂಲದ ವೈದ್ಯ ಪಾಪನಿಕೊಲಾವ್ 1940ರ ದಶಕದಲ್ಲಿ ಅದನ್ನು ರೂಢಿಗೆ ತಂದರು. ಅವರ ಹೆಸರಿನ ಮೊದಲಕ್ಷರಗಳೇ ಪರೀಕ್ಷೆಯ ಹೆಸರಾದವು.

ಆದರೆ ಈಗಾಗಲೇ ರಕ್ತ ಕಾಣುತ್ತಿರುವವರಿಗೆ ಇವೆಲ್ಲ ಸಾಲದು. ತಪಾಸಣೆಗಳು ಲಕ್ಷಣವಿಲ್ಲದವರಿಗಾಗಿ ಇರುವಂಥವು. ರಕ್ತ ಬಂದವರನ್ನು ವೈದ್ಯರು ಕಣ್ಣಾರೆ ನೋಡಬೇಕು. ಕಂಠದಲ್ಲಿ ಗಡ್ಡೆಯೋ ಹುಣ್ಣೋ ಕಂಡರೆ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಪ್ಯಾಪ್ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೂ ರಕ್ತ ಮುಂದುವರಿದರೆ ಅಲ್ಲಿಗೇ ಬಿಡಬಾರದು. ಮುಟ್ಟು ನಿಂತವರಲ್ಲಿ ಗರ್ಭಕೋಶದ ಒಳಪದರವನ್ನೂ ಸ್ಕ್ಯಾನ್ ಮಾಡಿ ನೋಡುವುದು ರೂಢಿ, ಏಕೆಂದರೆ ಅಲ್ಲಿಯ ಕ್ಯಾನ್ಸರಿಗೂ ರಕ್ತವೇ ಮೊದಲ ಗುರುತು. ಬಿಕರ್ನಕಟ್ಟೆಯವರಿಗೆ ಇದೆಲ್ಲ ದೂರದ ಮಾತಲ್ಲ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆ ಇದೆ. ಪೇಟೆಯಲ್ಲಿ ಹೆಂಗಸರಿಗೆಂದೇ ಇರುವ ಸರಕಾರಿ ಲೇಡಿಗೋಷನ್ ಆಸ್ಪತ್ರೆ, ಹತ್ತಿರದಲ್ಲಿಯೇ ವೆನ್ಲಾಕ್ ಇದೆ. ನಮ್ಮ ಸೋದರಿ ಓಲೆಯನ್ನು ಕಂಡ ವಾರದಲ್ಲಿಯೇ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದಾರೆ. ಹೇಳಿದ್ದು ಮಗನಿಗೂ ಹೌದು, ಕರೆದೊಯ್ದದ್ದು ಅವರೇ. ಚೂರು ತೆಗೆದು ಕಳಿಸಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಫಲಿತಾಂಶ ಬಂದಿಲ್ಲ.

ಇಷ್ಟು ಬರೆದು ಇನ್ನೊಂದು ಬದಿಯ ಅಪಾಯವನ್ನು ಹೇಳದಿದ್ದರೆ ನಮ್ಮ ಕೆಲಸ ಅರ್ಧವಾದೀತು. ಕಲಬುರಗಿ ಜಿಲ್ಲೆಯಲ್ಲಿ ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದ ಬಡ ಹೆಂಗಸರಿಗೆ, ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳವರು, ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಕೆಲವು ಖಾಸಗಿ ಆಸ್ಪತ್ರೆಗಳು ಗರ್ಭಕೋಶವನ್ನೇ ತೆಗೆದುಹಾಕಿದ ಸಂಗತಿ 2015ರ ಸುಮಾರಿಗೆ ಬಯಲಾಗಿ ದೊಡ್ಡ ಕೂಗೆದ್ದಿತು. ಮೂವತ್ತು ದಾಟದವರೂ ಅವರಲ್ಲಿದ್ದರು. ಮುಂದೆ ಆ ಹೆಂಗಸರು ನ್ಯಾಯ ಕೇಳಿ ಬೀದಿಗಿಳಿದರು. ಕ್ಯಾನ್ಸರಿನ ಹೆಸರು ಹೀಗೆ ಹೆದರಿಸಿ ಹಣ ಕೀಳುವ ಕೋಲೂ ಆಗಬಲ್ಲದು. ಆದ್ದರಿಂದ ಈ ಎರಡನ್ನು ಗಟ್ಟಿಯಾಗಿ ಹಿಡಿಯಿರಿ. ಬಿಳಿ ಸೆರಗು ಮಾತ್ರದಿಂದ ಗರ್ಭಕೋಶ ತೆಗೆಸಬೇಕಾಗುವುದಿಲ್ಲ. ಚೂರು ಪರೀಕ್ಷೆಯ ಬರಹದ ವರದಿ ಕೈಯಲ್ಲಿಲ್ಲದೆ ‘ಕ್ಯಾನ್ಸರ್ ಇದೆ, ನಾಳೆಯೇ ಶಸ್ತ್ರಕ್ರಿಯೆ’ ಎನ್ನುವವರನ್ನು ಒಪ್ಪಬಾರದು. ಇನ್ನೊಬ್ಬ ವೈದ್ಯರನ್ನು, ಸಾಧ್ಯವಾದರೆ ಸರಕಾರಿ ಆಸ್ಪತ್ರೆಯವರನ್ನು ಕೇಳಬೇಕು. ಕ್ಯಾನ್ಸರಿನ ಮುನ್ನೆಲೆಯ ಬದಲಾವಣೆ ಮಾತ್ರ ಇದ್ದರೆ ಆ ಜಾಗವನ್ನಷ್ಟೇ ತಂಪಿನಿಂದಲೋ ಶಾಖದಿಂದಲೋ ನಾಶಪಡಿಸುವ ಅಥವಾ ಸಣ್ಣ ತುಣುಕಾಗಿ ಕತ್ತರಿಸಿ ತೆಗೆಯುವ ಚಿಕ್ಕ ಚಿಕಿತ್ಸೆ ಸಾಮಾನ್ಯವಾಗಿ ಸಾಕಾಗುತ್ತದೆ.

ಕಾರಣದ ಬಗೆಗೆ ಒಂದೆರಡು ಮಾತು, ಏಕೆಂದರೆ ಅರೆಬರೆ ತಿಳಿವಳಿಕೆ ಸಂಸಾರ ಕೆಡಿಸುತ್ತದೆ. ಈ ಕ್ಯಾನ್ಸರಿನ ಮೂಲ ಎಚ್‌ಪಿವಿ ಎಂಬ ವೈರಾಣು. ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ 1980ರ ದಶಕದಲ್ಲಿ ಇದನ್ನು ತೋರಿಸಿದರು, 2008ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ವೈರಾಣುವಿನ ಹಲವು ಬಗೆಗಳಲ್ಲಿ 16 ಮತ್ತು 18ನೆಯವು ನೂರಕ್ಕೆ ಸುಮಾರು ಎಪ್ಪತ್ತು ಗರ್ಭಕಂಠ ಕ್ಯಾನ್ಸರುಗಳಿಗೆ ಹೊಣೆ. ಇದು ದೇಹಸಂಪರ್ಕದಿಂದ ಹರಡುತ್ತದೆ. ಅಷ್ಟು ಕೇಳಿದೊಡನೆ ಹೆಂಡತಿಯ ನಡತೆಯನ್ನು ಶಂಕಿಸುವ ಗಂಡ, ಸೊಸೆಯನ್ನು ಚುಚ್ಚುವ ಅತ್ತೆ ಇದ್ದಾರು. ಅವರಿಗೆ ಹೇಳುತ್ತೇವೆ: ದಾಂಪತ್ಯಕ್ಕೆ ಕಾಲಿಟ್ಟ ಬಹುತೇಕ ಗಂಡು ಹೆಣ್ಣುಗಳಿಗೆ ಬಾಳಿನಲ್ಲಿ ಎಂದಾದರೊಮ್ಮೆ ಈ ವೈರಾಣು ತಗುಲಿಯೇ ಇರುತ್ತದೆ. ಹೆಚ್ಚಿನವರಲ್ಲಿ ಅದು ಎರಡು ವರ್ಷಗಳೊಳಗೆ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಉಳಿದು ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ಬಳಿಕ ಕ್ಯಾನ್ಸರಾಗುತ್ತದೆ. ಯಾರಿಂದ ಬಂತು, ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಗಂಡನಲ್ಲದೆ ಅನ್ಯರನ್ನರಿಯದ ಹೆಂಗಸಿಗೂ ಈ ರೋಗ ಬರುತ್ತದೆ. ಕಾಯಿಲೆಯವಳ ನಡತೆಯ ವಿಚಾರಣೆ ಮಾಡುವುದು ರೋಗಕ್ಕಿಂತ ನೀಚವಾದದ್ದು.

ಈ ವೈರಾಣುವಿಗೆ ಲಸಿಕೆ ಬಂದಿದೆ. 2006ರಿಂದ ಪರದೇಶಗಳಲ್ಲಿ ಇದ್ದುದು ದುಬಾರಿಯಾಗಿತ್ತು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ದೊರೆಯಿತು. 9ರಿಂದ 14ನೆಯ ವಯಸ್ಸಿನ ಹುಡುಗಿಯರಿಗೆ ಕೊಡುವುದು ಅತ್ಯಂತ ಫಲಕಾರಿ. ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ 30 ದಾಟಿದ ಮೇಲೆ ತಪಾಸಣೆ ತಪ್ಪಿದ್ದಲ್ಲ. ಅಜ್ಜಿಗೆ ರೋಗ ಬಂದ ಮೇಲೆ ಲಸಿಕೆಯನ್ನು ಕೇಳುವವರು ಮೊಮ್ಮಗಳಿಗಾಗಿ ಕೇಳಬೇಕು. ಸೊಸೆಯಂದಿರು ತಮ್ಮ ಪಾಳಿಯ ತಪಾಸಣೆಯನ್ನು ಅತ್ತೆಯ ಜೊತೆಗೇ ಮುಗಿಸಿಕೊಂಡು ಬರಬಹುದು. ನಮ್ಮ ಅಕ್ಕನ ಬಳಗಗಳು ಶ್ರಾವಣ ಮಾಸದಲ್ಲಿ ವಚನ ಗಾಯನ, ರಂಗೋಲಿ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ಅದೇ ಸಭೆಯ ಹತ್ತು ಮಂದಿ ಒಂದು ಬೆಳಗ್ಗೆ ಕೂಡಿಯೇ ಆರೋಗ್ಯ ಕೇಂದ್ರಕ್ಕೆ ಹೋಗುವುದಾದರೆ ಒಬ್ಬೊಬ್ಬರೇ ಹೋಗುವ ಸಂಕೋಚ ಇರದು.

ವರದಿಯಲ್ಲಿ ಕ್ಯಾನ್ಸರ್ ಎಂದೇ ಬಂದರೂ ಅದು ಮರಣಪತ್ರವಲ್ಲ. ರೋಗ ಕಂಠದಲ್ಲಿಯೇ ಇರುವ ಮೊದಲ ಹಂತದಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬಾಳುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಹತ್ತರಲ್ಲಿ ಇಬ್ಬರೂ ಕಷ್ಟ. ಮೊದಲ ಹಂತದವರಿಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ. ಅದನ್ನು ದಾಟಿದವರಿಗೆ ಕಿರಣಚಿಕಿತ್ಸೆ ಮತ್ತು ಅದರೊಡನೆ ವಾರಕ್ಕೊಮ್ಮೆ ಔಷಧಿಯ ಸಲೈನು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಬಿಪಿಎಲ್ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ವೆಚ್ಚ ದೊರೆಯುತ್ತದೆ. ಅದಕ್ಕೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಹೊಲ ಮಾರುವ ಮಾತಾಡುವ ಮುನ್ನ ಈ ಚೀಟಿಯನ್ನು ಹುಡುಕಿರಿ.

ಕಿರಣಚಿಕಿತ್ಸೆಯ ಬಗೆಗೆ ಮನೆಯವರು ತಿಳಿದಿರಬೇಕಾದ ಒಂದು ಸಂಗತಿ ಉಳಿಯಿತು. ಅದು ಹೊರಗಿನಿಂದ ಐದು ವಾರಗಳಷ್ಟು ನಡೆಯುತ್ತದೆ, ಬಳಿಕ ಕಂಠದ ಬಳಿಯೇ ಉಪಕರಣವಿಟ್ಟು ಒಳಗಿನಿಂದ ಕೆಲವು ಸಲ ಕೊಡುತ್ತಾರೆ; ಎಲ್ಲವೂ ಸೇರಿ ಎಂಟು ವಾರಗಳೊಳಗೆ ಮುಗಿಯಬೇಕು. ಎರಡು ಮೂರು ವಾರಗಳಾಗುವಷ್ಟರಲ್ಲಿ ರಕ್ತ ನಿಲ್ಲುತ್ತದೆ, ವಾಸನೆ ಹೋಗುತ್ತದೆ, ಊಟ ಸೇರುತ್ತದೆ. ‘ನನಗ ಆರಾಮ ಆತು, ಊರಾಗ ಎಮ್ಮಿ ಅದಾವು, ಸುಗ್ಗಿ ಬಂತು’ ಎಂದು ತಾಯಂದಿರು ಗಂಟು ಕಟ್ಟುವುದು ಆಗಲೇ. ಚಿಕಿತ್ಸೆಯ ಅತಿ ಮುಖ್ಯವಾದ ಭಾಗ, ಒಳಗಿನಿಂದ ಕೊಡುವ ಕಿರಣ, ಅಷ್ಟರಲ್ಲಿ ಆಗಿರುವುದಿಲ್ಲ. ಎಮ್ಮೆಗೆ ಹುಲ್ಲು ಹಾಕುವ ಏರ್ಪಾಡನ್ನು ಎಂಟು ವಾರಕ್ಕೂ ಮೊದಲೇ ಮಾಡಿಟ್ಟು ಬಂದವರ ಚಿಕಿತ್ಸೆ ಪೂರ್ತಿಯಾಗುತ್ತದೆ. ಅದು ಮುಗಿದ ಮೇಲೂ ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿರಬೇಕು.

ಸ್ತನದಲ್ಲಿ ಕಾಣುವ ಗಂಟುಗಳನ್ನು ಕುರಿತು ಮೂರು ಓಲೆಗಳು ಬಂದಿವೆ. ಅವುಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇವೆ. ಆ ಮೂವರು ಸೋದರಿಯರು ಮಾತ್ರ ಸಂಚಿಕೆಗಾಗಿ ಕಾಯದೆ ಈ ವಾರವೇ ವೈದ್ಯರನ್ನು ಕಾಣಬೇಕು.